ಕಾರ್ಕಳದ ಲಲಿತಕೀರ್ತಿಗಳೂ ಜ್ಞಾನಜಾಲದ ಪ್ರಶ್ನೆಗಳೂ

ಕಾರ್ಕಳದ ಗೊಮ್ಮಟನನ್ನು ವೀರಪಾಂಡ್ಯ ಭೈರರಸನು ಪ್ರತಿಷ್ಠಾಪಿಸಿದ್ದು ಶಕ 1353ರ ಫಾಲ್ಗುಣದಲ್ಲಿ, ಪನಸೋಗೆಯ ಲಲಿತಕೀರ್ತಿ ಮುನಿಗಳ ಉಪದೇಶದಿಂದ. ಚತುರ್ಮುಖ ಬಸದಿಯ ಶಾಸನ ಶಕ 1508ರ ಚೈತ್ರದ್ದು. ಕಟ್ಟಿಸಿದವನು ಇಮ್ಮಡಿ ಭೈರರಸ, ಉಪದೇಶ ಮತ್ತೆ ಲಲಿತಕೀರ್ತಿಗಳದೇ. ಇವರಿಬ್ಬರೂ ಬೇರೆ ಬೇರೆ ಎಂದು ಕಾರ್ಕಳದವರಿಗೆ ಯಾರೂ ಹೇಳಬೇಕಾಗಿಲ್ಲ. ಅದು ಅಲ್ಲಿಯ ಮಠದ ಭಟ್ಟಾರಕರಿಗೆ ಪರಂಪರೆಯಾಗಿ ಬರುವ ಪಟ್ಟದ ಹೆಸರು. ಗಣಕಕ್ಕೆ ಮಾತ್ರ ಹೇಳಬೇಕು.

ವಿಕಿಡೇಟಾದಂತಹ ಜ್ಞಾನಜಾಲದಲ್ಲಿ ವ್ಯಕ್ತಿ, ಬಸದಿ, ಊರು ಒಂದೊಂದೂ ಒಂದು ಗಂಟು. ಗಂಟುಗಳ ನಡುವಣ ಎಳೆಗಳೇ ಸಂಬಂಧಗಳು. ಅದನ್ನು ಪ್ರಶ್ನಿಸುವ ಭಾಷೆ ಸ್ಪಾರ್ಕಲ್, 2008ರಲ್ಲಿ ಮಾನಕವಾದುದು. ಆದರೆ ನಿರ್ಮಾಣಕಾಲಕ್ಕೆ ಪಿ571 ಎಂಬ ಸಂಕೇತವಿದೆಯೆಂದು ಸಾಹಿತ್ಯದ ವಿದ್ಯಾರ್ಥಿ ಏಕೆ ಬಾಯಿಪಾಠ ಮಾಡಬೇಕು? ಅದಕ್ಕಾಗಿಯೇ ನೆರವಿನ ಉಪಕರಣಗಳು ಬಂದಿವೆ: ಬರೆಯುತ್ತಿರುವಂತೆಯೇ ಸಂಕೇತವನ್ನು ಸೂಚಿಸುವವು, ಅರ್ಜಿ ತುಂಬಿದಂತೆ ಪ್ರಶ್ನೆ ಕಟ್ಟಿಕೊಡುವವು, ಈಚೆಗೆ ಆಡುಮಾತಿನ ಪ್ರಶ್ನೆಯನ್ನೇ ಸ್ಪಾರ್ಕಲ್‌ಗೆ ತಿರುಗಿಸುವವು.

ಈ ಮೂರನೆಯ ಬಗೆಯ ಬಗ್ಗೆ ನನಗೆ ಅಳುಕು ಹೆಚ್ಚು. ‘ಲಲಿತಕೀರ್ತಿಗಳ ಉಪದೇಶದಿಂದಾದ ನಿರ್ಮಾಣಗಳಾವುವು?’ ಎಂದರೆ ಅದು ಒಬ್ಬ ಲಲಿತಕೀರ್ತಿಯನ್ನು ಸದ್ದಿಲ್ಲದೆ ಆರಿಸಿಕೊಳ್ಳಬಹುದು, ಅಥವಾ ಹೆಸರೊಂದೇ ಆದ್ದರಿಂದ 154 ವರ್ಷಗಳ ಅಂತರದ ಎರಡು ಕಾರ್ಯಗಳನ್ನೂ ಒಬ್ಬರಿಗೇ ಆರೋಪಿಸಬಹುದು. ವ್ಯಾಕರಣದಲ್ಲಿ ಆ ಪ್ರಶ್ನೆ ನಿರ್ದುಷ್ಟ, ತಪ್ಪಿರುವುದು ಇತಿಹಾಸ. ಒಳ್ಳೆಯ ಉಪಕರಣವು ಮೊದಲು ‘ಯಾವ ಲಲಿತಕೀರ್ತಿ?’ ಎಂದು ಮರುಪ್ರಶ್ನೆ ಹಾಕಬೇಕು, ಪಕ್ಕದಲ್ಲಿ ಕಾಲವನ್ನೂ ಆಶ್ರಯದಾತ ಅರಸನನ್ನೂ ತೋರಿಸಬೇಕು.

ಕಾಲಗಣನೆಯಲ್ಲೂ ಎಡವುವ ತಾಣವಿದೆ. ಶಕವರ್ಷಕ್ಕೆ 78 ಕೂಡಿಸುವುದು ರೂಢಿ. ಚತುರ್ಮುಖ ಬಸದಿಗೆ ಅದು ಸರಿಹೋಗಿ 1586 ಬರುತ್ತದೆ. ಗೊಮ್ಮಟನಿಗೆ ಅದೇ ಲೆಕ್ಕ 1431 ಎನ್ನುತ್ತದೆ. ಫಾಲ್ಗುಣವು ವರ್ಷದ ಕಡೆಯ ಮಾಸವಾದ್ದರಿಂದ ನಿಜವಾಗಿ ಅದು 1432ರ ಫೆಬ್ರವರಿ. ವಿಕಿಡೇಟಾದ ದಿನಾಂಕಗಳಿಗೆ ಜೂಲಿಯನ್, ಗ್ರೆಗೋರಿಯನ್ ಪಂಚಾಂಗಗಳು ಮಾತ್ರ ಗೊತ್ತು. ಶಕ, ಸಂವತ್ಸರ, ತಿಥಿಗಳ ಪರಿವರ್ತನೆ ನಮ್ಮ ಪಾಲಿನ ಕೆಲಸವೇ.

ಇನ್ನೊಂದು ಸಂಗತಿ ತೀರ ಚಿಕ್ಕದು, ಆದರೆ ಸಂಶೋಧಕರನ್ನು ಹೆಚ್ಚು ದಾರಿತಪ್ಪಿಸುವುದು ಅದೇ. ಸ್ಪಾರ್ಕಲ್‌ನಲ್ಲಿ ನಿರ್ಮಾಣಕಾಲವನ್ನು ಕೇಳಿದೊಡನೆ, ಕಾಲ ನಮೂದಾಗದ ಬಸದಿಗಳೆಲ್ಲ ಉತ್ತರದಿಂದ ಮಾಯವಾಗುತ್ತವೆ. ‘ಆಪ್ಷನಲ್’ ಎಂಬ ಪದವನ್ನು ಸೇರಿಸಿದರೆ ಮಾತ್ರ ಅವು ಪಟ್ಟಿಯಲ್ಲಿ ಉಳಿದು, ಕಾಲದ ಕಂಡಿಕೆ ಖಾಲಿಯಾಗಿ ಕಾಣುತ್ತದೆ. ಕಾಪುವಿನಿಂದ ಕಾರ್ಕಳದವರೆಗಿನ ಬಸದಿಗಳನ್ನು ಹುಡುಕುವವರು ಆ ಖಾಲಿ ಕಂಡಿಕೆಯಿಂದಲೇ ಕ್ಷೇತ್ರಕಾರ್ಯವನ್ನು ಆರಂಭಿಸಬಹುದು.