ಕಾವು ಕೂರುವ ಕೋಳಿಯ ಲೆಕ್ಕ

2019ರ ಇಪ್ಪತ್ತನೆಯ ಜಾನುವಾರು ಗಣತಿಯ ಪ್ರಕಾರ ಭಾರತದಲ್ಲಿ ಕೋಳಿ, ಬಾತು ಮುಂತಾದ ಸಾಕುಹಕ್ಕಿಗಳ ಒಟ್ಟು ಸಂಖ್ಯೆ ಸುಮಾರು 85 ಕೋಟಿ. ಅದರಲ್ಲಿ 53 ಕೋಟಿಯಷ್ಟು ಫಾರಂಗಳಲ್ಲಿದ್ದವು, ಉಳಿದ 32 ಕೋಟಿಯಷ್ಟು ಮನೆಗಳ ಹಿತ್ತಿಲಲ್ಲಿದ್ದವು. ಹಿಂದಿನ ಗಣತಿ ನಡೆದದ್ದು 2012ರಲ್ಲಿ. ಈ ಏಳು ವರ್ಷಗಳಲ್ಲಿ ಫಾರಂ ಹಕ್ಕಿಗಳು ಶೇ. 4.5ರಷ್ಟು ಹೆಚ್ಚಿದರೆ ಹಿತ್ತಿಲ ಹಕ್ಕಿಗಳು ಶೇ. 46ರಷ್ಟು ಹೆಚ್ಚಿದವು. ಕೊರೊನಾ ಬರುವುದಕ್ಕೆ ಮೊದಲಿನ ಲೆಕ್ಕ ಇದು. ಆಮೇಲೆ ಲಾಕ್‌ಡೌನ್ ಬಂತು, ಪೇಟೆಯಿಂದ ಊರಿಗೆ ಮರಳಿದ ಹುಡುಗರು ನಾಟಿ ಕೋಳಿ ಸಾಕುವ ಮಾತಾಡತೊಡಗಿದರು, ಮೊಬೈಲಿನ ತುಂಬ ಅದರದೇ ವಿಡಿಯೋಗಳು ಬಂದವು. ಕಾಲ ಕೆಟ್ಟಾಗ ಮನುಷ್ಯರಿಗೆ ಹಿತ್ತಿಲಿನ ಕೋಳಿ ನೆನಪಾಗುವುದು ಹೊಸದಲ್ಲ.

ಆದರೆ ಗಣತಿಯ ಪುಸ್ತಕದಲ್ಲಿ ಇಲ್ಲದ ಒಂದು ಲೆಕ್ಕವಿದೆ. ಆ 32 ಕೋಟಿಯಲ್ಲಿ ಎಷ್ಟು ಹೇಂಟೆಗಳು ತಮ್ಮ ಮೊಟ್ಟೆಯ ಮೇಲೆ ತಾವೇ ಕಾವು ಕೂರುತ್ತವೆ? ಸ್ವಾವಲಂಬನೆಯ ವಿಷಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಎಷ್ಟು ಮೊಟ್ಟೆ, ಎಷ್ಟು ಮಾಂಸ ಎಂಬ ಪ್ರಶ್ನೆಗಳು ಆಮೇಲಿನವು. ಇದನ್ನು ವಿವರಿಸಲು ಪುಣೆ ಜಿಲ್ಲೆಯ ಬಾರಾಮತಿಗಿಂತ ಒಳ್ಳೆಯ ಊರು ಸಿಕ್ಕುವುದು ಕಷ್ಟ. ಬರಗಾಲ, ಪರಿಹಾರದ ಕೆಲಸ, ಕೃಷಿ ಸಂಸ್ಥೆ, ಗುತ್ತಿಗೆ ಕೋಳಿ ಸಾಕಣೆ ಎಲ್ಲವೂ ಒಂದೇ ತಾಲ್ಲೂಕಿನ ಚರಿತ್ರೆಯಲ್ಲಿ ಸಾಲಾಗಿ ಬರುತ್ತವೆ.

ಬಾರಾಮತಿ ನಮಗೆ ತೀರಾ ಪರಕೀಯವಾದ ಊರಲ್ಲ. ಊರಿನ ಮೈಗೆ ಹರಿಯುವ ಕರ್‍ಹಾ ನದಿ ನೀರಾ ನದಿಗೆ ಸೇರುತ್ತದೆ, ನೀರಾ ಹೋಗಿ ಭೀಮೆಗೆ ಸೇರುತ್ತದೆ, ಭೀಮೆ ಪಂಢರಪುರ ದಾಟಿ ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಬರುತ್ತಾಳೆ. ಮಳೆಯ ನೆರಳಿನ ಈ ಬಯಲಿನ ಬದುಕು ಗಡಿಯ ಎರಡೂ ಕಡೆ ಒಂದೇ ಬಗೆಯದು: ಜೋಳ, ಸಜ್ಜೆ, ಕುರಿ, ಎಮ್ಮೆ, ಬಾಗಿಲ ಮುಂದೆ ನಾಲ್ಕು ಕೋಳಿ. ನಮ್ಮ ಕಡೆ ಜವಾರಿ ಕೋಳಿ ಎನ್ನುವುದನ್ನು ಅವರು ಗಾವರಾನ್ ಎನ್ನುತ್ತಾರೆ. ಕಾವಿಗೆ ಬಂದ ಹೇಂಟೆಗೆ ಮರಾಠಿಯಲ್ಲಿ ಖುಡುಕ್ ಎಂಬ ಪ್ರತ್ಯೇಕ ಹೆಸರೇ ಇದೆ.

1876ರಿಂದ 78ರವರೆಗಿನ ಬರ, ಹಳೆ ಮೈಸೂರಿನವರು ಧಾತು ಈಶ್ವರ ಸಂವತ್ಸರದ ಕ್ಷಾಮವೆಂದು ನೆನೆಯುವ ಅದೇ ಬರ, ಈ ಬಯಲನ್ನೂ ಸುಟ್ಟಿತು. 1880ರ ದಶಕದಲ್ಲಿ ನೀರಾ ಎಡದಂಡೆ ಕಾಲುವೆ ಹರಿಯಿತು. ಅಂದಿನಿಂದ ಬಾರಾಮತಿ ತಾಲ್ಲೂಕು ಎರಡು ತುಂಡಾಯಿತು. ಕಾಲುವೆಯ ನೀರು ಉಣ್ಣುವ ಬಾಗಾಯತದಲ್ಲಿ ಕಬ್ಬು ಬಂತು, ಮುಂದೆ ಸಕ್ಕರೆ ಕಾರ್ಖಾನೆಗಳು ಬಂದವು. ಮಳೆಯನ್ನೇ ನೆಚ್ಚಿದ ಜಿರಾಯತದ ಹಳ್ಳಿಗಳು ಇದ್ದಂತೆಯೇ ಉಳಿದವು. ಹಿತ್ತಿಲ ಕೋಳಿಯ ಕಥೆ ಹೆಚ್ಚಾಗಿ ಈ ಒಣ ಹಳ್ಳಿಗಳದು.

ಹಳೆಯ ಕೋಳಿಯ ಕೆಲಸ ಹೇಗಿತ್ತು? ನಾಟಿ ಹೇಂಟೆ ವರ್ಷಕ್ಕೆ ಇಡುವುದು ಐವತ್ತು, ಅರವತ್ತು ಮೊಟ್ಟೆ. ಇದು ಕಡಿಮೆ ಎಂದು ಎಲ್ಲ ಸರ್ಕಾರಿ ವರದಿಗಳೂ ದೂರುತ್ತವೆ. ಆದರೆ ಕಡಿಮೆ ಏಕೆ ಎಂಬುದಕ್ಕೆ ಕಾರಣವಿದೆ. ಹತ್ತು ಹದಿನೈದು ಮೊಟ್ಟೆ ಇಟ್ಟ ಮೇಲೆ ಅದು ಇಡುವುದನ್ನು ನಿಲ್ಲಿಸಿ ಕಾವಿಗೆ ಕೂರುತ್ತದೆ. ಇಪ್ಪತ್ತೊಂದು ದಿನ, ದಿನಕ್ಕೊಮ್ಮೆ ನೀರು ಕಾಳಿಗೆ ಎದ್ದದ್ದು ಬಿಟ್ಟರೆ ಬುಟ್ಟಿ ಬಿಟ್ಟು ಏಳುವುದಿಲ್ಲ. ಕೊಕ್ಕಿನಿಂದ ಮೊಟ್ಟೆಗಳನ್ನು ತಿರುಗಿಸುತ್ತ, ಅಂಚಿನವನ್ನು ಒಳಕ್ಕೆ ಎಳೆದುಕೊಳ್ಳುತ್ತ, ಈಗಿನ ಯಂತ್ರಗಳು 37.5 ಡಿಗ್ರಿಯಲ್ಲಿ ಹಿಡಿದಿಡುವ ಶಾಖವನ್ನು ತನ್ನ ಎದೆಯಿಂದಲೇ ಕೊಡುತ್ತದೆ. ಮರಿಗಳು ಒಡೆದ ಮೇಲೆ ಮತ್ತೆ ಎರಡು ತಿಂಗಳು ತಿಪ್ಪೆ ಕೆದಕಿ ಹುಳ ತೋರಿಸುವುದು, ಹದ್ದು ಕಂಡರೆ ಕೂಗಿ ರೆಕ್ಕೆಯಡಿ ಸೇರಿಸಿಕೊಳ್ಳುವುದು. ಅಷ್ಟು ಕಾಲ ಮೊಟ್ಟೆಯಿಲ್ಲ. ಅಂದರೆ ನಾಟಿ ಕೋಳಿ ತನ್ನ ವರ್ಷದ ಬಹುಭಾಗವನ್ನು ಮುಂದಿನ ಕೋಳಿಗಳನ್ನು ತಯಾರಿಸುವುದಕ್ಕೇ ಖರ್ಚು ಮಾಡುತ್ತದೆ. ಮೊಟ್ಟೆಯ ಲೆಕ್ಕದಲ್ಲಿ ಇದು ನಷ್ಟ. ಮನೆಯ ಲೆಕ್ಕದಲ್ಲಿ ಇದೇ ಬಂಡವಾಳ.

ಈ ಬಂಡವಾಳ ಹೆಚ್ಚಾಗಿ ಹೆಂಗಸರ ಕೈಯಲ್ಲಿತ್ತು, ಅದರಲ್ಲೂ ಹೊಲವಿಲ್ಲದ, ಅಥವಾ ಹೊಲ ಸಾಲದ ಮನೆಗಳ ಹೆಂಗಸರ ಕೈಯಲ್ಲಿ. ಮೇಲುಜಾತಿಯ ಅನೇಕ ಮನೆಗಳು ಕೋಳಿಯನ್ನು ಅಂಗಳಕ್ಕೂ ಬಿಟ್ಟುಕೊಳ್ಳುತ್ತಿರಲಿಲ್ಲ. ಹಾಗಾಗಿ ಬೇರೇನೂ ಇಲ್ಲದವರಿಗೆ ಕೋಳಿ ದಕ್ಕಿತು. ಕೊಳ್ಳಲು ದುಡ್ಡಿಲ್ಲದವರಿಗೆ ಪಾಲಿಗೆ ಕೊಡುವ ಪದ್ಧತಿಯಿತ್ತು: ಒಬ್ಬಾಕೆಯ ಹೇಂಟೆ, ಇನ್ನೊಬ್ಬಾಕೆಯ ಆರೈಕೆ, ಮರಿಗಳಲ್ಲಿ ಇಬ್ಬರಿಗೂ ಪಾಲು. ಬ್ಯಾಂಕೂ ಸಂಘವೂ ಇಲ್ಲದೆ ಒಂದು ಹೇಂಟೆಯಿಂದ ಎರಡು ಮನೆಗಳಲ್ಲಿ ಕೋಳಿ ಆಗುತ್ತಿದ್ದವು. ಮಗುವಿಗೆ ಜ್ವರ ಬಂದರೆ, ಪಾಟಿ ಪುಸ್ತಕ ಬೇಕಾದರೆ, ನೆಂಟರು ಬಂದರೆ, ದೇವರ ಹರಕೆ ತೀರಿಸಬೇಕಾದರೆ ಕೈಗೆ ಸಿಗುತ್ತಿದ್ದುದು ಈ ಸ್ವತ್ತು.

ಎಲ್ಲರೂ ಕೇಳಿರುವ ಅಜ್ಜಿಯ ಕಥೆಯಲ್ಲೂ ಇದರ ನೆನಪಿದೆ. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗದು, ತನ್ನ ಬೆಂಕಿ ಇಲ್ಲದಿದ್ದರೆ ಊರಿನ ಒಲೆ ಉರಿಯದು ಎಂದುಕೊಂಡ ಮುದುಕಿ, ಮುನಿಸಿಕೊಂಡು ಕೋಳಿಯನ್ನೂ ಅಗ್ಗಿಷ್ಟಿಕೆಯನ್ನೂ ಎತ್ತಿಕೊಂಡು ಊರು ಬಿಟ್ಟಳು. ಜಂಬದ ಮುದುಕಿಯೆಂದು ನಗುತ್ತೇವೆ. ಆದರೆ ಬಡ ಮುದುಕಿ ಊರು ಬಿಡುವಾಗ ಎತ್ತಿಕೊಂಡದ್ದು ಯಾವ ಎರಡು ವಸ್ತುಗಳನ್ನು ಎಂಬುದನ್ನೂ ನೋಡಬೇಕು. ಎರಡೂ ಇದ್ದಲ್ಲಿಂದಲೇ ಮತ್ತಷ್ಟನ್ನು ಹುಟ್ಟಿಸುವಂಥವು.

ಹಾಗೆಂದು ಕೋಳಿಯನ್ನು ಬರಗಾಲದ ವಿಮೆ ಎಂದುಕೊಂಡರೆ ತಪ್ಪಾಗುತ್ತದೆ. ಕೋಳಿ ಬದುಕುವುದು ಮನೆಯಲ್ಲಿ ಚೆಲ್ಲಿದ ಕಾಳು, ನುಚ್ಚು, ತಿಪ್ಪೆಯ ಹುಳದ ಮೇಲೆ. ಜನರಿಗೇ ಕಾಳಿಲ್ಲದಾಗ ಚೆಲ್ಲುವುದೇನು? ದೊಡ್ಡ ಬರದಲ್ಲಿ ಕೋಳಿ ಮಾರಿಹೋಗುತ್ತದೆ ಅಥವಾ ಸಾರಿಗೆ ಹೋಗುತ್ತದೆ. ಅದರ ನಿಜವಾದ ಬೆಲೆ ಗೊತ್ತಾಗುವುದು ಬರ ಮುಗಿದ ಮೇಲೆ. ಸತ್ತ ಎಮ್ಮೆಯ ಜಾಗಕ್ಕೆ ಇನ್ನೊಂದು ಎಮ್ಮೆ ಹಾಲಿಗೆ ಬರಲು ವರ್ಷಗಳು ಬೇಕು. ಒಂದು ಹೇಂಟೆ, ಒಂದು ಹುಂಜ ಉಳಿದಿದ್ದರೆ ಇಪ್ಪತ್ತೊಂದು ದಿನಕ್ಕೆ ಮರಿ, ಮತ್ತೆ ಆರೇಳು ತಿಂಗಳಿಗೆ ಆ ಮರಿಯ ಮೊಟ್ಟೆ. ಬಿದ್ದ ಮನೆ ಎದ್ದು ನಿಲ್ಲುವುದಕ್ಕೆ ಇಷ್ಟು ಬೇಗ ಕೈಕೊಡುವ ಪ್ರಾಣಿ ಇನ್ನೊಂದಿಲ್ಲ.

ಸರ್ಕಾರಗಳಿಗೂ ಇದು ಗೊತ್ತಿತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಕೃಷಿ ಇಲಾಖೆ ಮನೆಯಲ್ಲಿ ತಲೆಗೆರಡು ಹೇಂಟೆ ಸಾಕಿರೆಂದು ಭಿತ್ತಿಪತ್ರ ಅಂಟಿಸಿತು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ ಮೊಟ್ಟೆಗೂ ಪಡಿತರ ತಂದಾಗ, ತಮ್ಮ ಪಾಲಿನ ಮೊಟ್ಟೆ ಬಿಟ್ಟುಕೊಟ್ಟವರಿಗೆ ಕೋಳಿಯ ಮೇವಿನ ಹಿಟ್ಟು ಕೊಡುವ ವ್ಯವಸ್ಥೆ ಮಾಡಿತು. ಮೇವಿಲ್ಲದೆ ಕೋಳಿ ಸಾಕಲಾಗದು ಎಂಬ ಸರಳ ಸತ್ಯವನ್ನು ಆ ಏರ್ಪಾಡು ಒಪ್ಪಿಕೊಂಡಿತ್ತು.

ಸ್ವತಂತ್ರ ಭಾರತ ಹಿಡಿದ ದಾರಿ ಬೇರೆ. ಎರಡನೆಯ ಪಂಚವಾರ್ಷಿಕ ಯೋಜನೆಯ ಕಾಲದಿಂದ ಸರ್ಕಾರ ಕೋಳಿ ಅಭಿವೃದ್ಧಿಗೆ ಕೈಹಾಕಿತು. ಬೆಂಗಳೂರಿನ ಹೆಸರಘಟ್ಟದಂಥ ಕೇಂದ್ರಗಳಿಂದ ಬಿಳಿ ಲೆಗ್‌ಹಾರ್ನ್‌ನಂಥ ವಿದೇಶಿ ತಳಿಗಳು ಹಳ್ಳಿಗೆ ಹೋದವು. 1971ರಲ್ಲಿ ಬಿ. ವಿ. ರಾವ್ ವೆಂಕಟೇಶ್ವರ ಹ್ಯಾಚರೀಸ್ ಆರಂಭಿಸಿದರು. ಮುಂದೆ ಪುಣೆ ಆ ಸಂಸ್ಥೆಯ ಮುಖ್ಯ ನೆಲೆಯಾಗಿ, ದೇಶದ ಕೋಳಿ ಉದ್ಯಮದ ರಾಜಧಾನಿಯಂತಾಯಿತು. ವರ್ಷಕ್ಕೆ ಮುನ್ನೂರು ಮೊಟ್ಟೆ ಇಡುವ ಕೋಳಿ ಬಂದದ್ದು ಹೀಗೆ. ಮೊಟ್ಟೆ ಬಡವರ ತಟ್ಟೆಗೂ ಎಟುಕಿತು. ಅದು ಸಣ್ಣ ಸಾಧನೆಯಲ್ಲ. ಆದರೆ ಮುನ್ನೂರು ಮೊಟ್ಟೆ ಬರಬೇಕಾದರೆ ಕೋಳಿ ಕಾವಿಗೆ ಕೂರಬಾರದು. ಕಾವಿಗೆ ಕೂರುವ ಗುಣ ಇಲ್ಲದವನ್ನೇ ಆರಿಸಿ ಆರಿಸಿ ಬೆಳೆಸಿದ ತಳಿಗಳಿವು. ಮರಿ ಮಾಡುವ ಕೆಲಸ ಹಿತ್ತಿಲ ಬುಟ್ಟಿಯಿಂದ ಹ್ಯಾಚರಿಯ ಯಂತ್ರಕ್ಕೆ ಹೋಯಿತು.

ಅದೇ 1971ರಲ್ಲಿ ಬಾರಾಮತಿಯಲ್ಲಿ ಅಪ್ಪಾಸಾಹೇಬ ಪವಾರರು ಕೃಷಿ ಅಭಿವೃದ್ಧಿ ಟ್ರಸ್ಟ್ ಸ್ಥಾಪಿಸಿದರು. ಅದಕ್ಕೆ ಮೊದಲು, 1960ರ ದಶಕದ ಬರಗಳಲ್ಲಿ, ಅವರೂ ತಮ್ಮ ಶರದ್ ಪವಾರರೂ ಕ್ರೈಸ್ತ ಪರಿಹಾರ ಸಂಸ್ಥೆಯೊಂದರ ನೆರವಿನಿಂದ ಕೂಲಿಗೆ ಕಾಳು ಕೊಟ್ಟು ಜಿರಾಯತದ ಹಳ್ಳಿಗಳಲ್ಲಿ ಇಂಗುಕೆರೆಗಳನ್ನು ಕಟ್ಟಿಸಿದ್ದರು. ಟ್ರಸ್ಟ್ ಹುಟ್ಟಿದ ಮರುವರ್ಷವೇ 1972ರ ಮಹಾಬರ ಬಂತು. ಬಿದ್ದ ಹಳ್ಳಿಗಳಿಗೆ ಬೆಳೆಯ ಜೊತೆಗೆ ಇನ್ನೊಂದು ಆದಾಯ ಬೇಕು ಎಂಬುದು ಆ ವರ್ಷಗಳ ಪಾಠ. ಹಾಲು, ದ್ರಾಕ್ಷಿ, ಕೋಳಿ ಆ ದಾರಿಯಲ್ಲಿ ಬಂದವು.

ಮುಂದೆ ಕೋಳಿ ದೊಡ್ಡ ಉದ್ಯಮವಾಯಿತು, ಬಾರಾಮತಿ ಆಗ್ರೋದಂಥ ಕಂಪನಿಗಳು ಬೆಳೆದವು. ಗುತ್ತಿಗೆ ಸಾಕಣೆಯ ಕ್ರಮ ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ. ಕಂಪನಿ ಒಂದು ದಿನದ ಮರಿ, ಮೇವು, ಔಷಧಿ ಕೊಡುತ್ತದೆ. ರೈತ ಶೆಡ್ಡು, ನೀರು, ಕರೆಂಟು, ದುಡಿಮೆ ಕೊಡುತ್ತಾನೆ. ಐದಾರು ವಾರಕ್ಕೆ ಕಂಪನಿಯ ಲಾರಿ ಬಂದು ಕೋಳಿ ತೂಗಿಕೊಂಡು ಹೋಗುತ್ತದೆ, ಕಿಲೋಗೆ ಇಷ್ಟೆಂದು ಸಾಕಿದ ಕೂಲಿ ಸಿಗುತ್ತದೆ. ಮಾರುಕಟ್ಟೆ ಬಿದ್ದರೆ ಹೊಡೆತದ ದೊಡ್ಡ ಪಾಲು ಕಂಪನಿಗೆ ಹೋಗುತ್ತದೆಂಬುದು ರೈತನಿಗಿರುವ ಸಮಾಧಾನ. ಆದರೆ ಅಲ್ಲಿರುವ ಸಾವಿರಾರು ಕೋಳಿಗಳಲ್ಲಿ ಒಂದೂ ಅವನದಲ್ಲ. ಇದು ಹಳೆಯ ಪಾಲಿನ ಪದ್ಧತಿಯ ಹಾಗೇ ಕಾಣುತ್ತದೆ. ವ್ಯತ್ಯಾಸವೊಂದೇ: ಪಾಲಿಗೆ ಪಡೆದಾಕೆಯ ಹತ್ತಿರ ಕೊನೆಗೆ ತನ್ನವೇ ಮರಿಗಳು ಉಳಿಯುತ್ತಿದ್ದವು.

ಇದಕ್ಕೂ ಹಿತ್ತಿಲಿಗೂ ನಡುವಿನ ದಾರಿಯೊಂದನ್ನು ತೋರಿಸಿದ್ದು ಕನ್ನಡ ನೆಲ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು 1980ರ ದಶಕದ ಕೊನೆಯಲ್ಲಿ ಗಿರಿರಾಜ ಎಂಬ ಬಣ್ಣದ ಕೋಳಿಯನ್ನು ರೂಪಿಸಿದರು. ನೋಡಲು ನಾಟಿಯಂತೆ, ತಿಪ್ಪೆಯಲ್ಲಿ ಕೆದಕಿ ತಿನ್ನಬಲ್ಲದು, ತೂಕ ಚೆನ್ನಾಗಿ ಬರುತ್ತದೆ, ಮೊಟ್ಟೆ ನಾಟಿಯ ಎರಡು ಪಟ್ಟಿಗೂ ಹೆಚ್ಚು. ಅದು ಗಡಿ ದಾಟಿ ಮಹಾರಾಷ್ಟ್ರದ ಹಳ್ಳಿಗಳಿಗೂ ಹೋಯಿತು, ಅಲ್ಲಿಯೂ ಅದೇ ಹೆಸರಿನಿಂದ ಕರೆಯುತ್ತಾರೆ. ಹೈದರಾಬಾದಿನ ವನರಾಜ, ಗ್ರಾಮಪ್ರಿಯ ತಳಿಗಳೂ ಇದೇ ಉದ್ದೇಶದವು.

ಆದರೆ ಗಿರಿರಾಜದ ಹೇಂಟೆ ಕಾವಿಗೆ ಕೂರುವುದಿಲ್ಲ. ಜೊತೆಗೆ ಅದು ಬೆರಕೆ ತಳಿಯಾದ್ದರಿಂದ ಅದರ ಮರಿಗಳಲ್ಲಿ ತಾಯಿಯ ಗುಣವೆಲ್ಲ ಹಾಗೇ ಬರುವ ಭರವಸೆಯಿಲ್ಲ. ಹಾಗಾಗಿ ಹಿಂಡು ಮುಗಿದರೆ ಮತ್ತೆ ಮರಿ ಕೊಳ್ಳಲೇಬೇಕು. ಇದಕ್ಕೆ ಹಳ್ಳಿಯ ಹೆಂಗಸರು ತಮ್ಮದೇ ಉಪಾಯ ಕಂಡುಕೊಂಡರು, ಪಶುವೈದ್ಯರೂ ಈಗ ಅದನ್ನೇ ಹೇಳುತ್ತಾರೆ: ಸುಧಾರಿತ ತಳಿಯ ಮೊಟ್ಟೆಯನ್ನು ನಾಟಿ ಹೇಂಟೆಯ ಕೆಳಗಿಡಿ. ಎಷ್ಟೇ ಸುಧಾರಿಸಿದರೂ ಕೊನೆಗೆ ಮರಿ ಮಾಡಿಕೊಡಲು ಮನೆಯಲ್ಲಿ ಒಂದು ಹಳೆಯ ಕಾಲದ ಹೇಂಟೆ ಬೇಕಾಯಿತು.

ಹೊರಗಿನಿಂದ ಬರುವ ಸರಪಣಿ ಕಡಿದಾಗ ಏನಾಗುತ್ತದೆ ಎಂಬುದನ್ನು ಈಚಿನ ವರ್ಷಗಳು ತೋರಿಸಿವೆ. 2020ರ ಫೆಬ್ರವರಿ, ಮಾರ್ಚ್‌ನಲ್ಲಿ ಕೋಳಿಯಿಂದ ಕೊರೊನಾ ಬರುತ್ತದೆಂಬ ಸುಳ್ಳು ಸುದ್ದಿ ಹಬ್ಬಿ ಬೆಲೆ ನೆಲ ಕಚ್ಚಿತು. ಮೇವಿನ ಖರ್ಚೂ ಹುಟ್ಟದೆ ಬೆಳಗಾವಿ ಜಿಲ್ಲೆಯಲ್ಲಿ ಜೀವಂತ ಕೋಳಿಗಳನ್ನು ಗುಂಡಿಗೆ ಸುರಿದದ್ದೂ ನಡೆಯಿತು. 2021ರಲ್ಲಿ ಸೋಯಾ ಹಿಂಡಿಯ ಬೆಲೆ ಎಷ್ಟು ಏರಿತೆಂದರೆ ಕೇಂದ್ರ ಸರ್ಕಾರ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೆ ಅನುಮತಿ ಕೊಡಬೇಕಾಯಿತು. ತಿಪ್ಪೆ ಕೆದಕುವ ನಾಲ್ಕು ಕೋಳಿಗೆ ಈ ಎರಡು ಚಿಂತೆಗಳೂ ಅಷ್ಟಾಗಿ ತಟ್ಟುವುದಿಲ್ಲ.

ರೋಗ ಮಾತ್ರ ತಟ್ಟುತ್ತದೆ. 2006ರ ಫೆಬ್ರವರಿಯಲ್ಲಿ ದೇಶದಲ್ಲಿ ಮೊದಲ ಬಾರಿಗೆ ಹಕ್ಕಿಜ್ವರ ಪತ್ತೆಯಾದದ್ದು ಮಹಾರಾಷ್ಟ್ರದ ನವಾಪುರದ ಫಾರಂಗಳಲ್ಲಿ. ಕೊಂದದ್ದು ಫಾರಂ ಕೋಳಿಗಳನ್ನಷ್ಟೇ ಅಲ್ಲ, ಸುತ್ತಲ ಹಳ್ಳಿಗಳ ಹಿತ್ತಿಲ ಕೋಳಿಗಳನ್ನೂ. ನಾಟಿ ಕೋಳಿಗೆ ರೋಗವೇ ಇಲ್ಲ ಎಂಬುದು ಮೊಬೈಲ್ ವಿಡಿಯೋಗಳ ಮಾತು. ಕೊಕ್ಕರೆ ರೋಗ, ಅಂದರೆ 1920ರ ದಶಕದಲ್ಲಿ ಹಿಮಾಲಯದ ರಾಣಿಖೇತದಲ್ಲಿ ಕಂಡು ಆ ಊರಿನ ಹೆಸರನ್ನೇ ಪಡೆದ ಜಾಡ್ಯ, ಬೇಸಿಗೆಯಲ್ಲಿ ಬಂದರೆ ಒಂದು ವಾರದಲ್ಲಿ ಕೇರಿಯ ಕೋಳಿಯನ್ನೆಲ್ಲ ಗುಡಿಸಿಹಾಕುತ್ತದೆ. ಅದಕ್ಕೆ ಲಸಿಕೆ ಬಂದು ಬಹಳ ವರ್ಷವಾಯಿತು. ಆದರೆ ಲಸಿಕೆಯ ಒಂದು ಸೀಸೆ ನೂರಾರು ಕೋಳಿಗಾಗುವಷ್ಟು, ಮನೆಯಲ್ಲಿರುವುದು ಆರು. ತೆರೆದ ಸೀಸೆ ಕೆಲವೇ ಗಂಟೆಯಲ್ಲಿ ಕೆಡುತ್ತದೆ. ಒಬ್ಬರ ಮನೆಗೆ ಆಗದ ಈ ಕೆಲಸ ಕೇರಿಯವರೆಲ್ಲ ಒಂದು ಸಂಜೆ ಸೇರಿದರೆ ಆಗುತ್ತದೆ. ಹಿತ್ತಿಲ ಕೋಳಿಯ ಸ್ವಾವಲಂಬನೆ ಒಂಟಿ ಮನೆಯದಲ್ಲ, ಕೇರಿಯದು. ಪಾಲಿನ ಪದ್ಧತಿ ಹೇಳಿಕೊಟ್ಟದ್ದೂ ಇದನ್ನೇ.

ಬಾರಾಮತಿಯ ಹತ್ತಿರದ ಮಾಳೆಗಾಂವದಲ್ಲಿ ಈಗ ಬರ, ಬಿಸಿಲು, ಉಪ್ಪುನೆಲದಂಥ ಒತ್ತಡಗಳನ್ನು ತಡೆಯುವುದು ಹೇಗೆಂದು ಅಧ್ಯಯನ ಮಾಡುವ ರಾಷ್ಟ್ರೀಯ ಸಂಸ್ಥೆಯೇ ಇದೆ, 2009ರಲ್ಲಿ ಶುರುವಾದದ್ದು. ಬಿಸಿಲು ತಡೆದು, ಕಂಡದ್ದು ತಿಂದು, ತನ್ನ ಸಂತಾನವನ್ನು ತಾನೇ ಮಾಡಿಕೊಳ್ಳುವ ಹಕ್ಕಿಯೊಂದು ಅದೇ ಬಯಲಿನಲ್ಲಿ ಮೊದಲಿನಿಂದಲೂ ಇದೆ.

ಹಾಗಾಗಿ ಕಾಲದ ಮೇಲೆ ನಂಬಿಕೆ ಸಾಲದೆ ಕೋಳಿ ಸಾಕಲು ಹೊರಟವರು ಸಂತೆಯಲ್ಲಿ ಎಷ್ಟು ಮೊಟ್ಟೆ ಇಡುತ್ತದೆ ಎಂದು ಕೇಳುವುದಕ್ಕೆ ಮೊದಲು ಕಾವಿಗೆ ಕೂರುತ್ತದೆಯೇ ಎಂದು ಕೇಳುವುದು ಒಳ್ಳೆಯದು. ಗಿರಿರಾಜ ಹತ್ತಿರಲಿ, ಬೇಡ ಎನ್ನುವುದಿಲ್ಲ. ಜೊತೆಗೆ ಎರಡು ನಾಟಿ ಹೇಂಟೆ, ಒಂದು ಹುಂಜ ಇರಲಿ. ಕಾವಿಗೆ ಬಂದ ಹೇಂಟೆಯನ್ನು ಮೊಟ್ಟೆಯಾಸೆಗೆ ತಣ್ಣೀರಿನಲ್ಲಿ ಅದ್ದಿ ಎಬ್ಬಿಸುವವರಿದ್ದಾರೆ. ಎಬ್ಬಿಸಬೇಡಿ. ಬುಟ್ಟಿಗೆ ಹುಲ್ಲು ಹಾಕಿ, ಹತ್ತು ಮೊಟ್ಟೆ ಇಟ್ಟು, ಕತ್ತಲೆಯ ಮೂಲೆಯಲ್ಲಿ ಕೂರಿಸಿ, ಇಪ್ಪತ್ತೊಂದು ದಿನ ಕಾಯಿರಿ.