ಪ್ಯಾಪಿಲೋಮಾ ವೈರಾಣುಸದೃಶ ಕಣಗಳು

ಗರ್ಭಕಂಠದ ಕ್ಯಾನ್ಸರಿಗೆ ಮುಖ್ಯ ಕಾರಣವಾದ ಮಾನವ ಪ್ಯಾಪಿಲೋಮಾ ವೈರಾಣುವಿನ ಹೊರಕವಚವನ್ನಷ್ಟೇ ಹೋಲುವ, ಒಳಗೆ ವೈರಾಣುವಿನ ಡಿಎನ್‌ಎ ಇಲ್ಲದ ಕಾರಣ ಸೋಂಕು ತಗುಲಿಸಲಾರದ ಪ್ರೋಟೀನ್ ಕಣಗಳಿವು. ಕವಚದ ಎಲ್1 ಪ್ರೋಟೀನನ್ನು ಯೀಸ್ಟ್ ಅಥವಾ ಕೀಟಕೋಶಗಳಲ್ಲಿ ತಯಾರಿಸಿದಾಗ ಅದರ 360 ಪ್ರತಿಗಳು ಐದೈದರ 72 ಗುಚ್ಛಗಳಾಗಿ ಕೂಡಿ, ಸುಮಾರು 55 ನ್ಯಾನೊಮೀಟರ್ ವ್ಯಾಸದ ಗೋಲವಾಗಿ ತಾವಾಗಿಯೇ ಜೋಡಣೆಗೊಳ್ಳುತ್ತವೆ. ಆಸ್ಟ್ರೇಲಿಯಾದಲ್ಲಿ ಜಿಯಾನ್ ಝೌ ಮತ್ತು ಇಯಾನ್ ಫ್ರೇಜರ್ 1991ರಲ್ಲಿ ಇಂಥ ಕಣಗಳನ್ನು ಪ್ರಕಟಪಡಿಸಿದರು. ದೇಹವು ಇವನ್ನು ವೈರಾಣುವೆಂದೇ ಬಗೆದು ಪ್ರತಿಕಾಯಗಳನ್ನು ಉತ್ಪಾದಿಸುವುದು ಲಸಿಕೆಯ ಆಧಾರ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿ 2022ರಲ್ಲಿ ಅನುಮತಿ ಪಡೆದ ಸರ್ವಾವ್ಯಾಕ್ ಇಂಥ ಮೊದಲ ಭಾರತೀಯ ಲಸಿಕೆ.

ಪ್ರತಿಕಾಯ ಪರೀಕ್ಷೆಯಲ್ಲಿ (ಎಲೈಸಾ) ಇದೇ ಕಣಗಳನ್ನು 96 ಗುಳಿಗಳ ಪ್ಲಾಸ್ಟಿಕ್ ತಟ್ಟೆಗೆ ಲೇಪಿಸಿ, ರಕ್ತದ ಸೀರಮ್ ಹಾಕಿ ತೊಳೆದು, ಅಂಟಿ ಉಳಿದ ಪ್ರತಿಕಾಯಗಳನ್ನು ಕಿಣ್ವದಿಂದ ಮೂಡುವ ಬಣ್ಣದ ಗಾಢತೆಯಿಂದ ಅಳೆಯುತ್ತಾರೆ. ಕಣದ ಆಕಾರ ಕೆಟ್ಟರೆ ರಕ್ಷಣೆ ನೀಡುವ ಪ್ರತಿಕಾಯಗಳಲ್ಲಿ ಬಹುಪಾಲು ಅಂಟುವುದಿಲ್ಲವಾದ್ದರಿಂದ ಪರೀಕ್ಷೆಯ ಯಶಸ್ಸೆಲ್ಲ ಕಣಗಳ ಗುಣಮಟ್ಟದಲ್ಲಿದೆ. ಸಹಜ ಸೋಂಕು ತಗುಲಿದ ಎಲ್ಲರಲ್ಲೂ ಪ್ರತಿಕಾಯ ಮೂಡದಿರುವುದರಿಂದ ಇದು ಲಸಿಕೆಯ ಪರಿಣಾಮವನ್ನು ಅಳೆಯಲು ಯೋಗ್ಯವೇ ಹೊರತು ರೋಗಪತ್ತೆಗಲ್ಲ.

ಇಂಥ ಲಸಿಕೆಯ ಅಗತ್ಯಕ್ಕೆ ಸಾಕ್ಷಿಯಾಗಿ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ 1982ರಿಂದ ನಡೆದುಬಂದಿರುವ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯ ಆರಂಭದ ವರ್ಷಗಳಲ್ಲಿ, ಮಹಿಳೆಯರಲ್ಲಿ ಗರ್ಭಕಂಠದ ಕ್ಯಾನ್ಸರೇ ಮುಂಚೂಣಿಯಲ್ಲಿತ್ತು. ಆದರೂ ಲಸಿಕೆ ಈ ವೈರಾಣುವಿನ ಎಲ್ಲ ಮಾದರಿಗಳನ್ನೂ ತಡೆಯದ ಕಾರಣ, ಅದನ್ನು ಪಡೆದವರೂ ನಿಗದಿತ ವಯಸ್ಸಿನಲ್ಲಿ ಗರ್ಭಕಂಠದ ತಪಾಸಣೆ ಮಾಡಿಸಿಕೊಳ್ಳಲೇಬೇಕು.