ಹಸಿರಿನ ನೆರಳಲ್ಲಿ ಬೆಳೆದ ಬಡಾವಣೆಗಳು

ಕ್ರಿ.ಶ. 1760ರಲ್ಲಿ ಹೈದರ್ ಅಲಿಯವರು ಲಾಲ್‌ಬಾಗ್ ತೋಟವನ್ನು ಆರಂಭಿಸಿದಾಗ ಅದು ಬೆಂಗಳೂರು ಕೋಟೆಯಿಂದ ಹೊರಗಿತ್ತು. ಅವರ ಮಗ ಟಿಪ್ಪು ಸುಲ್ತಾನರು ದೂರದ ನಾಡುಗಳಿಂದ ಗಿಡ, ಬೀಜಗಳನ್ನು ತರಿಸಿ ಅದನ್ನು ಬೆಳೆಸಿದರು. 1856ರಲ್ಲಿ ಅದು ಸರಕಾರಿ ಸಸ್ಯೋದ್ಯಾನವಾಯಿತು. ಇಂದು 240 ಎಕರೆಯ ಈ ತೋಟದ ನಾಲ್ಕೂ ಕಡೆ ಮನೆಗಳೇ ತುಂಬಿವೆ. ಊರಾಚೆಯ ತೋಟ ಊರಿನ ನಡುವೆ ಬಂದದ್ದು ಹೇಗೆ?

ಇದಕ್ಕೆ ಒಂದು ಮುಖ್ಯ ಕಾರಣ 1898ರ ಪ್ಲೇಗ್. ಹಳೆಯ ಪೇಟೆಯ ಇಕ್ಕಟ್ಟಾದ ಗಲ್ಲಿಗಳಲ್ಲಿ ಜನ ಗುಂಪುಗುಂಪಾಗಿ ಸತ್ತರು. ಗಾಳಿ, ಬೆಳಕು ಇಲ್ಲದ ವಾಸ ಅಪಾಯಕರವೆಂದು ಸರಕಾರಕ್ಕೆ ಮನವರಿಕೆಯಾಯಿತು. ಆಗ ರೂಪುಗೊಂಡ ಬಸವನಗುಡಿ ಮತ್ತು ಮಲ್ಲೇಶ್ವರಂ ಬಡಾವಣೆಗಳಲ್ಲಿ ನೇರವಾದ ರಸ್ತೆಗಳು, ಸಾಲುಮರಗಳು, ಉದ್ಯಾನಗಳು ಬಂದವು. ಬಸವನಗುಡಿ ಲಾಲ್‌ಬಾಗ್‌ನ ಪಶ್ಚಿಮಕ್ಕೆ ಬೆಳೆಯಿತು. 1948ರಲ್ಲಿ ದಕ್ಷಿಣಕ್ಕೆ ಜಯನಗರದ ಶಂಕುಸ್ಥಾಪನೆಯಾಯಿತು.

ಹಸಿರು ಇರುವಲ್ಲಿ ಮನೆ ಕಟ್ಟಲು ಎಲ್ಲರೂ ಬಯಸುತ್ತಾರೆ. ಬಯಸುವವರು ಹೆಚ್ಚಾದಂತೆ ನಿವೇಶನದ ಬೆಲೆಯೂ ಬಾಡಿಗೆಯೂ ಏರುತ್ತವೆ. ಬಡವರು ದೂರ ಸರಿಯಬೇಕಾಗುತ್ತದೆ. ಬೆಲೆ ಏರಿದ ಮೇಲೆ ಖಾಲಿ ಇರುವ ಉದ್ಯಾನದ ಜಾಗದ ಮೇಲೆಯೇ ಕಣ್ಣು ಬೀಳುತ್ತದೆ. ಹೀಗೆ ಮನೆಗಳನ್ನು ಕರೆತಂದ ಹಸಿರನ್ನು ಕಟ್ಟಡಗಳೇ ನುಂಗತೊಡಗುತ್ತವೆ.

ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಇಂಥದೇ ಪ್ರಸಂಗ ನಡೆಯಿತು. ನಕ್ಷೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಕೊಡಲಾಯಿತು. ಆಸ್ಪತ್ರೆಯೂ ಒಳ್ಳೆಯದೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಆದರೆ ಅಲ್ಲಿನ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ನೀಡಿತು. ಸಾರ್ವಜನಿಕರಿಗಾಗಿ ಮೀಸಲಿಟ್ಟ ಉದ್ಯಾನವನ್ನು ಖಾಸಗಿಯವರಿಗೆ ಕೊಡುವಂತಿಲ್ಲ, ಅದನ್ನು ಪ್ರಶ್ನಿಸುವ ಹಕ್ಕು ಬಡಾವಣೆಯ ನಿವಾಸಿಗಳಿಗಿದೆ ಎಂಬುದು ಅದರ ಸಾರ.

ಉದ್ಯಾನ ಶ್ರೀಮಂತರ ಸೊಗಸಿನ ವಸ್ತುವಲ್ಲ. ಅಂಗಳವಿರುವ ಮನೆಯ ಮಗುವಿಗಿಂತ ಒಂದೇ ಕೋಣೆಯ ಮನೆಯಲ್ಲಿ ಬೆಳೆಯುವ ಮಗುವಿಗೆ ಅದು ಹೆಚ್ಚು ಬೇಕು. ಪ್ರತಿಯೊಂದು ಮೊಹಲ್ಲಾಕ್ಕೂ ತನ್ನದೇ ಉದ್ಯಾನವಿದ್ದರೆ ಹಸಿರು ಕೆಲವರ ಸೊತ್ತಾಗುವುದು ತಪ್ಪುತ್ತದೆ. ಆದ್ದರಿಂದ ನಿವೇಶನ ಕೊಳ್ಳುವ ಹಿರಿಯರು ಅನುಮೋದಿತ ನಕ್ಷೆಯಲ್ಲಿ ಉದ್ಯಾನ ಎಲ್ಲಿದೆ, ಆ ಜಾಗ ಸ್ಥಳದಲ್ಲಿ ಹಾಗೆಯೇ ಉಳಿದಿದೆಯೇ ಎಂದು ನೋಡಬೇಕು. ವಿದ್ಯಾರ್ಥಿಗಳು ತಮ್ಮ ಬಡಾವಣೆಯ ನಕ್ಷೆಯನ್ನು ಓದಲು ಕಲಿಯಬೇಕು. ನಕ್ಷೆ ಓದಬಲ್ಲವರಿಗೇ ಕಳೆದುಹೋಗುತ್ತಿರುವ ಜಾಗ ಕಣ್ಣಿಗೆ ಬೀಳುತ್ತದೆ.